ಮೊಯ್ದೀನಬ್ಬನ ರುಜು

ಮೊಯ್ದೀನಬ್ಬನ ಚಾದ ಹೋಟೆಲು ಇದ್ದದ್ದು ಮಂಗಳೂರಿನ ಒಂದು ಪೊಲೀಸ್ ಠಾಣೆಯ ಎದುರು. ಯಾವ ಠಾಣೆ ಎಂದು ಕೇಳಬೇಡಿ, ಹೆಸರು ಹೇಳಿದರೆ ನೀವು ಆ ಠಾಣೆಗೆ ಬೈದು ಸುಮ್ಮನಾಗುತ್ತೀರಿ. ಇಂಥ ಜಾಗ ಸಿಗಲು ಪುಣ್ಯ ಮಾಡಿರಬೇಕು, ಕಳ್ಳಕಾಕರ ಭಯವಿಲ್ಲ ಎಂದು ನೆಂಟರು ಹೇಳುತ್ತಿದ್ದರು. ಪುಣ್ಯವೋ ಪಾಪವೋ, ಪೂರ್ತಿ ಕೇಳಿ ನೀವೇ ಹೇಳಿ.

ಪೊಲೀಸರು ಒಂದು ಜಾಗಕ್ಕೆ ಹೋಗಿ ಏನು ಕಂಡರು, ಯಾರ ಕೈಯಲ್ಲಿ ಏನು ಸಿಕ್ಕಿತು ಎಂದು ಬರೆಯುವ ಕಾಗದಕ್ಕೆ ಮಹಜರು ಎನ್ನುತ್ತಾರೆ. ಊರಿನ ಇಬ್ಬರು ಅದನ್ನು ಕಣ್ಣಾರೆ ಕಂಡು ರುಜು ಹಾಕಬೇಕು. ಆದರೆ ಬಿಸಿಲಲ್ಲಿ ಊರವರನ್ನು ಹುಡುಕುವ ತಾಪತ್ರಯ ಯಾರಿಗೆ ಬೇಕು? ಎದುರಿಗೇ ಮೊಯ್ದೀನಬ್ಬ ಇದ್ದಾನಲ್ಲ! ಠಾಣೆಯ ದಫೇದಾರರು ಬಂದು ಚಾ ಕುಡಿದು ಕಾಗದ ಮುಂದಿಡುತ್ತಿದ್ದರು. ಮೊಯ್ದೀನಬ್ಬ ಒದ್ದೆ ಕೈ ಒರೆಸಿಕೊಂಡು, ಕನ್ನಡದಲ್ಲಿ ತಾನು ಕಲಿತಿದ್ದ ಒಂದೇ ಒಂದು ಬರಹವಾದ ತನ್ನ ಹೆಸರನ್ನು ಚಂದ ಮಾಡಿ ಬರೆಯುತ್ತಿದ್ದ. ಓದಲು ಬಾರದು, ಓದಿಸಿ ಕೇಳಲು ಸಂಕೋಚ. ದೊಡ್ಡವರು ಬರೆದದ್ದು ಸುಳ್ಳಿರುತ್ತದೆಯೇ ಎಂಬ ನಂಬಿಕೆ ಬೇರೆ.

ಅದು ಅಕ್ಕಿಗೆ ತತ್ವಾರ ಬಂದಿದ್ದ ವರ್ಷ. ಒಂದು ಬೆಳಿಗ್ಗೆ ಅಕ್ಕಿ ಗೋದಾಮಿನ ಎದುರು ಸಾಲು ನಿಂತ ಜನಕ್ಕೆ ಅಕ್ಕಿ ಮುಗಿಯಿತು ಎಂದರು. ಗಲಾಟೆ ಎದ್ದಿತು. ಯಾರೋ ಕಲ್ಲು ಬಿಸಾಡಿದರು, ಪೊಲೀಸರು ಲಾಠಿ ಬೀಸಿದರು. ಕಲ್ಲು ಬಿಸಾಡಿದವರು ಓಡಿಹೋದರು, ಚೀಲ ಹಿಡಿದು ನಿಂತವರು ಪೆಟ್ಟು ತಿಂದರು. ಗದ್ದಲ ಕೇಳಿದ್ದೇ ಮೊಯ್ದೀನಬ್ಬ ಹೋಟೆಲಿನ ಹಲಗೆ ಎಳೆದು ಒಳಗೆ ಕೂತಿದ್ದ. ಅವನು ಏನನ್ನೂ ನೋಡಿರಲಿಲ್ಲ. ಸಂಜೆ ದಫೇದಾರರು ಬಂದರು, ಚಾ ಕುಡಿದರು, ಕಾಗದ ಇಟ್ಟರು. ಇವನು ರುಜು ಹಾಕಿದ.

ಮರುದಿನ ಸುದ್ದಿ ಬಂತು. ಬಂದರಿನ ಧಕ್ಕೆಯಲ್ಲಿ ಮಂಜಿ ಹಡಗುಗಳಿಂದ ಮೂಟೆ ಇಳಿಸುತ್ತಿದ್ದ ಅವನ ತಮ್ಮ ಉಮರಬ್ಬ, ಅಕ್ಕಿಯ ಸಾಲಿನಲ್ಲಿ ಲಾಠಿ ಪೆಟ್ಟು ತಿಂದು ಮೊಣಕಾಲು ಒಡೆದು ಸರಕಾರಿ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ಕಲ್ಲು ಬಿಸಾಡಿದ ಕೇಸು ಅವನ ಮೇಲೆ ಬಿದ್ದಿದೆ.

ನೆರೆಮನೆಯ ಗ್ರೆಗರಿ ವಕೀಲರೊಬ್ಬರ ಗುಮಾಸ್ತರು. ಕೇಸಿನ ಕಾಗದಗಳ ನಕಲು ಸಿಕ್ಕಿದ ದಿನ ಅವರೇ ಮನೆಗೆ ಬಂದರು. ಮೊಯ್ದೀನಬ್ಬ ಅವರನ್ನು ಕೂರಿಸಿಕೊಂಡು ಪೊಲೀಸರ ಏಳು ತಲೆಮಾರಿಗೆ ಶಾಪ ಹಾಕಿದ. ಬೇಲಿಯೇ ಎದ್ದು ಹೊಲ ಮೇಯುವ ಕಾಲ ಬಂತು ಎಂದ. ಗ್ರೆಗರಿ ಪೂರ್ತಿ ಕೇಳಿಸಿಕೊಂಡು ಒಂದು ಹಾಳೆ ತೆಗೆದರು.

"ಉಮರಬ್ಬನ ಕೈಯಿಂದ ಪೊಲೀಸರು ಎರಡು ಕಲ್ಲು ಹಿಡಿದದ್ದನ್ನು ಕಣ್ಣಾರೆ ಕಂಡವರು ಇಬ್ಬರು ಉಂಟಂತೆ ಬ್ಯಾರಿಗಳೇ. ಒಬ್ಬರ ಹೆಸರು ಇಲ್ಲುಂಟು, ನೋಡಿ."

ಉಳಿದದ್ದು ಓದಲು ಬಾರದಿದ್ದರೂ ಆ ಹೆಸರು ಮೊಯ್ದೀನಬ್ಬನಿಗೆ ಓದಲು ಬರುತ್ತಿತ್ತು.

ಮಾಡುವುದು ಎಂತ ಎಂದು ಕೇಳಿದ್ದಕ್ಕೆ ಗ್ರೆಗರಿ ಮುಚ್ಚುಮರೆ ಮಾಡಲಿಲ್ಲ. ಕೋರ್ಟಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಬೇಕು, ಮ್ಯಾಜಿಸ್ಟ್ರೇಟರು ಬೈಯಬಹುದು, ಪೊಲೀಸರು ಮುಖ ತಿರುಗಿಸಬಹುದು, ಆದರೆ ಬೇರೆ ದಾರಿ ಇಲ್ಲ ಎಂದರು. ಹೆಂಡತಿ ಅಲೀಮಮ್ಮ ಒಪ್ಪಲೇ ಇಲ್ಲ. ಠಾಣೆಯ ಎದುರು ಹೋಟೆಲು ಇಟ್ಟುಕೊಂಡು ಠಾಣೆಯವರ ದ್ವೇಷ ಕಟ್ಟಿಕೊಳ್ಳುವುದಾ, ಮಕ್ಕಳು ಮಣ್ಣು ತಿನ್ನಬೇಕಾ ಎಂದು ಅತ್ತಳು.

ಆ ವಾರ ಜಾಮೀನಿನ ಮೇಲೆ ಮನೆಗೆ ಬಂದಿದ್ದ ಉಮರಬ್ಬನನ್ನು ನೋಡಲು ಗಂಡಹೆಂಡತಿ ಹೋದರು. ಅವನು ಮಡಚಲಾಗದ ಕಾಲನ್ನು ಚಾಪೆಯ ಮೇಲೆ ಚಾಚಿ ಕೂತಿದ್ದ. ಕಾಕ ಎಂದು ಕರೆಯುವ ಅಣ್ಣನ ಮೇಲೆ ಕೂಗಾಡಲಿಲ್ಲ.

"ನಾನು ಕಲ್ಲು ಹಿಡಿದದ್ದು ನೀವು ನೋಡಿದ್ರಂತಲ್ಲ, ಕಾಕ. ನನಗೇ ಗೊತ್ತಿರ್ಲಿಲ್ಲ."

ವಾಪಸು ಬಂದು ಮನೆಯ ಮೆಟ್ಟಿಲು ಹತ್ತುವಾಗ ಅಲೀಮಮ್ಮ, ಹೋಗಿ ಹೇಳಿ, ಹೋಟೆಲು ಹೋದರೆ ಹೋಗಲಿ ಎಂದಳು.

ಕೋರ್ಟಿನಲ್ಲಿ ಮೊಯ್ದೀನಬ್ಬ ಕಟಕಟೆ ಹಿಡಿದುಕೊಂಡು, ನಾನು ಏನನ್ನೂ ನೋಡಿಲ್ಲ, ಓದದೆ ರುಜು ಹಾಕಿದೆ ಎಂದ. ಸರಕಾರಿ ವಕೀಲರಿಗೆ ಸಿಟ್ಟು ಬಂತು. ಈ ಮನುಷ್ಯ ಸುಳ್ಳುಗಾರ ಎಂದು ತೋರಿಸಲು ಹಳೆಯ ಕೇಸುಗಳಿಂದ ಇವನ ರುಜು ಇದ್ದ ಆರು ಮಹಜರು ತಂದು ಒಂದೊಂದಾಗಿ ಮುಂದೆ ಹಿಡಿದರು. ಇದನ್ನೂ ಓದಿರಲಿಲ್ಲವೇ? ಇಲ್ಲ ಸ್ವಾಮಿ. ಇದನ್ನು? ಇದನ್ನೂ ಇಲ್ಲ. ನಾಲ್ಕನೆಯದು ಕೂಲಿಯವರ ಮುಷ್ಕರದ ಸಮಯದ್ದು. ಅದರಲ್ಲಿ ಬೂಬ ಎಂಬ ಕೂಲಿಯವನಿಗೆ ಮೂರು ತಿಂಗಳು ಜೈಲಾಗಿತ್ತು.

ಉಮರಬ್ಬ ಬಿಡುಗಡೆಯಾದ. ಸುಳ್ಳು ಮಹಜರು ಬರೆದದ್ದು ಹೇಗೆ ಎಂದು ದಫೇದಾರರ ಮೇಲೆ ವಿಚಾರಣೆ ನಡೆಯಲಿ ಎಂದು ಮ್ಯಾಜಿಸ್ಟ್ರೇಟರು ತೀರ್ಪಿನಲ್ಲಿ ಬರೆದರು. ಮೊಯ್ದೀನಬ್ಬನಿಗೂ ಎಲ್ಲರೆದುರು ಚೆನ್ನಾಗಿ ಬೈಗುಳ ಬಿತ್ತು. ತಮ್ಮನ ಕಾಲು ಮಾತ್ರ ಸರಿಯಾಗಲಿಲ್ಲ, ಮತ್ತೆ ಅವನು ಮೂಟೆ ಹೊರಲಿಲ್ಲ.

ಅದರ ಮರುದಿನ ಮೊಯ್ದೀನಬ್ಬ ಕೇಳಿಕೊಂಡು ಕೇಳಿಕೊಂಡು ಬೂಬನ ಮನೆಗೆ ಹೋದ. ಅಂಗಳದಲ್ಲೇ ನಿಂತು ಎಲ್ಲ ಹೇಳಿದ. ಬೂಬ ಹಗ್ಗ ಹೊಸೆಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

"ಆ ದಿನ ನೀವು ಅಲ್ಲಿ ಇದ್ರಾ?"

"ಇಲ್ಲ."

"ನಾನು ಒಳಗಿರುವಾಗ ನನ್ನ ಹೆತ್ತ ಅಪ್ಪೆ ಹೋದ್ಳು. ಹೆಣ ನೋಡ್ಲಿಕ್ಕೂ ಸಿಗ್ಲಿಲ್ಲ. ಇಲ್ಲ ಅಂತ ಆಗ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು, ಮಾರಾಯ್ರೆ?"

ಅಕ್ಕಂದಿರೇ, ಅಣ್ಣಂದಿರೇ, ಬೂಬನ ಈ ಮಾತಿಗೆ ನಿಮ್ಮಲ್ಲಿ ಉತ್ತರ ಇದೆಯೇ? ಪೊಲೀಸರನ್ನು ನಂಬಬಾರದು ಎಂದು ಜಗಲಿಯಲ್ಲಿ ಕೂತು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಸುಳ್ಳು ಬರೆಯುವ ದಫೇದಾರನಿಗೆ ನಮ್ಮ ರುಜು ಬೇಕು, ನಿಜ ಬರೆಯುವ ದಫೇದಾರನಿಗೂ ಬೇಕು. ಯಾರಿಗೆ ಕೊಡುತ್ತೀರಿ ಎಂಬುದು ನಿಮ್ಮ ಕೈಯಲ್ಲಿ ಉಂಟು. ಗಲಾಟೆಯ ಮರುದಿನ ನಿಮ್ಮ ಮುಂದೆ ಕಾಗದ ಬಂದರೆ ಓದಿ, ಬಾರದಿದ್ದರೆ ನಿಮ್ಮ ನಂಬಿಕೆಯವರಿಂದ ಓದಿಸಿ. ಕಾಣದ್ದನ್ನು ಕಂಡೆ ಎಂದು ಬರೆದಿದ್ದರೆ, ಹಾಳೆ ಖಾಲಿ ಇದ್ದರೆ, ರುಜುವೂ ಬೇಡ, ಹೆಬ್ಬೆಟ್ಟೂ ಬೇಡ. ಪೆಟ್ಟು ಬಿದ್ದವರನ್ನು ಅದೇ ದಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯದ ಚೀಟಿ ಬರೆಸಿಕೊಳ್ಳಿ. ವಿಚಾರಣೆಗೆ ಕರೆ ಬಂದರೆ ಹೋಗಿ, ಕಂಡದ್ದನ್ನು ಹೇಳಿ, ಕಾಣದಿದ್ದರೆ ಕಂಡಿಲ್ಲ ಎನ್ನಿ. ಆ ದಿನ ಹೇಳದೆ, ಆಮೇಲೆ ಯಾರದೋ ಅಂಗಳದಲ್ಲಿ ನಿಂತು ಹೇಳಿದರೆ ಸತ್ತ ತಾಯಿ ಎದ್ದು ಬರುವುದಿಲ್ಲ.