ಏಳನೇ ಬಾಗಿಲು

"ಇವತ್ತ ಮಲ್ಲಿಕಾ ಫೋನ್ ಹಚ್ಚಿದ್ರ ನೀ ಎತ್ತಬ್ಯಾಡ," ಐರ್ಲೆಂಡಿನಿಂದ ಅಕ್ಕ ಹೇಳಿದಳು.

ಕಮಲಾಪುರದ ಬಸ್ಸಿನ ಕಿಟಕಿಗೆ ಒರಗಿದ್ದ ಸುನಂದಾ ನೆಟ್ಟಗೆ ಕೂತಳು. "ಯಾಕ? ಕೂಸು ಉಣ್ಣೋ ಹೊತ್ತಿಗಿ ನನ್ನ ಕೂಡ ಮಾತಾಡಿದ್ರ ಏನಾತು?"

"ಎಲ್ಲಿ ಕುಂತು ಮಾತಾಡ್ತಾಳ ಗೊತ್ತದೇನು? ಪಾಯಖಾನಿದಾಗ! ಬಾಗಲಾ ಹಾಕ್ಕೊಂಡು, ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು. ನಿನ್ನಿ ಟೀಚರ್ ನನ್ನ ಕರೆಸಿದ್ರು. ಮೂರು ಹುಡುಗ್ಯಾರು ದಿನಾ ಉಣ್ಣೋ ಹಾಲಿನಾಗ ಅಕಿಗಂತ ಜಾಗಾ ಹಿಡೀತಿದ್ರಂತ. ಈಗ ಅವರೂ ಬಿಟ್ಟಾರ."

ಅಕ್ಕ ನರ್ಸ್ ಕೆಲಸಕ್ಕೆ ಹೋದಮೇಲೆ ಆರು ವರ್ಷ ಅವಳ ಮಗಳು ಮಲ್ಲಿಕಾ ಬೆಳೆದದ್ದು ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ, ಸುನಂದಾಳ ಮಗ್ಗುಲಲ್ಲಿ ಮಲಗಿ, ಇವಳ ಕಥೆ ಕೇಳಿ. ಆಗಸ್ಟ್‌ನಲ್ಲಿ ಅಕ್ಕ ಬಂದು ಕರೆದೊಯ್ದಳು. ಹೊಸ ಹೈಸ್ಕೂಲಿನ ಮೊದಲ ವಾರ ಹುಡುಗಿ ಬಿಕ್ಕಿದಾಗ, "ಒಬ್ಬಾಕೇ ಉಣ್ಣಬ್ಯಾಡ, ನನಗ ಫೋನ್ ಹಚ್ಚು, ಕಥಿ ಹೇಳ್ತೀನಿ," ಎಂದವಳು ತಾನೇ. ಅಲ್ಲಿ ಮಧ್ಯಾಹ್ನ ಒಂದಾದರೆ ಇಲ್ಲಿ ಸಂಜೆ ಐದೂವರೆ. ಕೇಳುವವರು ಹೂಂ ಅನ್ನಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಅದು ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಮಲ್ಲಿಕಾಳ ಪ್ರತಿ ಹೂಂ ಸ್ವಲ್ಪ ಗುಂಯ್‌ಗುಡುತ್ತ ಬರುತ್ತಿತ್ತು. ದೊಡ್ಡ ಊಟದ ಹಾಲ್ ಇರಬೇಕು, ಸುತ್ತ ಗೆಳತಿಯರು ಇರಬೇಕು ಎಂದುಕೊಂಡು ಇವಳು ಹಿಗ್ಗುತ್ತಿದ್ದಳು.

"ನೀನೇ ಹೇಳಬಾರದೇನ ಅಕ್ಕ ಅಕಿಗಿ?"

"ನಾ ಹೇಳಿದ್ರ ನನ್ನ ಮಾರಿ ಸೈತ ನೋಡಂಗಿಲ್ಲ. ಫೋನ್ ಕಸಗೊಂಡ್ರ ಮುಗದೇ ಹೋತು. ನೀ ಫೋನಿನಾಗ ಇರೋತನಕ ಅಕಿ ಮನಸು ಇಲ್ಲಿಗಿ ಬರಂಗಿಲ್ಲ, ಸುನಂದಾ."

ಕಮಲಾಪುರದ ಮನೆಯಲ್ಲಿ ಅಜ್ಜಿ ನೀಲಗಂಗಮ್ಮ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು ಬಿಡಿಸುತ್ತ ಕೂತಿದ್ದಳು. ಹಣ್ಣೊಂದನ್ನು ಸುಲಿದು ಮೊಮ್ಮಗಳ ಕೈಗೆ ತುರುಕಿದಳು. "ನೌಕರಿಗಿ ರಜಾ ಹಾಕಿ ಕಥಿ ಕೇಳ್ಲಾಕ ಬಂದಿಯಾ? ಹಲ್ಲಿಲ್ಲದ ಬಾಯಾಗ ಬರೇ ಗಾಳಿ ಬರ್ತದವ್ವಾ."

ನಿನ್ನೆ ಸುನಂದಾ ಮಲ್ಲಿಕಾಗೆ ಹೇಳುತ್ತಿದ್ದ ಕಥೆಯನ್ನು ನಡುವೆ ನಿಲ್ಲಿಸಿದ್ದಳು. ಕಲ್ಲಿನ ಕೋಟೆಯಲ್ಲಿ ಸಿಕ್ಕ ಹುಡುಗಿ ಆರು ಬಾಗಿಲು ದಾಟಿ ಏಳನೆಯದರ ಮುಂದೆ ನಿಂತಿದ್ದಳು. ಮುಂದಿನದು ಇವಳಿಗೆ ನೆನಪಿರಲಿಲ್ಲ. "ಉಳಿದದ್ದು ನಾಳಿ," ಎಂದು ಮಾತು ಕೊಟ್ಟಿದ್ದಳು. ಅದನ್ನು ಕೇಳಿಕೊಳ್ಳಲೆಂದೇ ಅಜ್ಜಿಯ ಹತ್ತಿರ ಬಂದಿದ್ದಳು.

ಇನ್ನು ಕೇಳಿ ಏನು ಮಾಡುವುದು? ಆದರೂ ಕೇಳಿದಳು. "ಆಯಿ, ಏಳನೇ ಬಾಗಲಾ ಹ್ಯಾಂಗ ತೆಗೀತಾಳ ಅಕಿ?"

ಅಜ್ಜಿ ಚಿಪ್ಪಿನಿಂದ ಇನ್ನೊಂದು ಹಣ್ಣು ಬಿಡಿಸಿದಳು. "ಯಾರಿಗಿ ಗೊತ್ತು? ನೀ ಯಾವತ್ತೂ ಆರನೇ ಬಾಗಲಕ್ಕೇ ನಿದ್ದಿ ಹೋಗ್ತಿದ್ದಿ. ಮುಂದಿಂದು ನಾ ಹೇಳೇ ಇಲ್ಲ."

ಐದೂವರೆಗೆ ಫೋನು ರಿಂಗಣಿಸಿತು. ಪರದೆಯ ಮೇಲೆ ಎರಡು ಜಡೆಯ ಮಲ್ಲಿಕಾ, ಹಳೆಯ ಶಾಲೆಯ ಸಮವಸ್ತ್ರದಲ್ಲಿ.

"ಎತ್ತು, ಕೂಸಿಂದು ಅದ," ಎಂದಳು ಅಜ್ಜಿ.

ಸುನಂದಾ ಎತ್ತಲಿಲ್ಲ. ನಿಂತಿತು. ಮತ್ತೆ ರಿಂಗಣಿಸಿತು, ಮತ್ತೆ ನಿಂತಿತು. ಅಂಗೈಯಲ್ಲಿ ಹಣ್ಣು ಹಿಸುಕಿಹೋಗಿ ಬೆರಳ ಸಂದಿಯಿಂದ ಇಳಿದದ್ದು ಅವಳಿಗೆ ತಿಳಿಯಲಿಲ್ಲ. ಮೂರನೆಯ ಸಲ ಕರೆ ಬರಲಿಲ್ಲ, ದನಿಯ ಸಂದೇಶ ಬಂತು. ಕೇಳಬಾರದೆಂದುಕೊಂಡೇ ಒತ್ತಿದಳು.

ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. "ಸಣ್ಣವ್ವಾ, ಸಿಗ್ನಲ್ ಇಲ್ಲೇನು ನಿನಗ? ನನಗ ನಿನ್ನ ದನಿ ಕೇಳಸವಲ್ದು. ನಿನಗ ನಂದು ಕೇಳಿಸ್ತದಲ್ಲ? ನೀ ಹೇಳಕೋತ ಹೋಗು. ನಾ ಹೂಂ ಅಂತೀನಿ."

ಡಬ್ಬಿಯ ಮುಚ್ಚಳ ತೆಗೆದ ಸದ್ದು.

"ಹೂಂ."

ನೀರು ತೊಟ್ಟಿಕ್ಕಿತು. ಅಜ್ಜಿ ಕಿವಿಯನ್ನು ಫೋನಿನ ಹತ್ತಿರ ತಂದಳು.

"ಹೂಂ."

ಮೂರು ನಿಮಿಷದ ಸಂದೇಶದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು.