ಎರವಿನ ಬೂಟು

“ಆ ಗೋಣಿ ಬಿಚ್ಚಿ ಬಿಸಾಕ್ರೇ, ದರಿದ್ರ ಮುಂಡೇವಾ! ರಸ್ತೆಗೆ ಬಂಡವಾಳ ಹಾಕೋ ದೊಡ್ಡೋರು ಬರ್ತಿದ್ದಾರೆ. ಈ ಚಿಂದಿ ಕಾಲು ತೋರಿಸ್ತೀರಾ ಅವ್ರಿಗೆ?”

ಮೇಸ್ತ್ರಿ ಮೂಟೆ ಸುರಿದ. ಹನ್ನೆರಡು ಜೊತೆ ರಬ್ಬರ್ ಬೂಟು, ಹಳದಿ ಬಣ್ಣದವು. ನಾವು ಹನ್ನೆರಡು ಹೆಂಗಸರು ಇಷ್ಟು ದಿನ ಕಾಲಿಗೆ ಗೋಣಿ ಸುತ್ತಿ, ಅಂಟದಿರಲೆಂದು ಡೀಸೆಲ್ ಸವರಿಕೊಂಡು, ಬಿಸಿ ಡಾಂಬರು ತುಳಿದವರು. ಹೋದ ವಾರ ಗೋಣಿ ಹರಿದು ನನ್ನ ನಾದಿನಿಯ ಅಂಗಾಲು ಸುಲಿದುಹೋಗಿತ್ತು. ಆಗ ಬೂಟು ಇರಲಿಲ್ಲ.

ಅವಳು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. “ಅತ್ಗೇ, ಉರೀನೇ ಇಲ್ಲ ನೋಡು!”

“ಜಾಸ್ತಿ ಮೆರೀಬೇಡ. ಫೋಟೋ ಆದ್ಮೇಲೆ ವಾಪಸ್ ಕೊಡ್ಬೇಕು,” ಎಂದ ಮೇಸ್ತ್ರಿ.

ಕಾರುಗಳು ಬಂದವು. ಅತಿಥಿಗಳ ಪೈಕಿ ಒಬ್ಬ ಮೂಗಿಗೆ ಕರವಸ್ತ್ರ ಹಿಡಿದೇ ಇಳಿದ. ಇಲಾಖೆಯ ಸಾಹೇಬ ಹಲ್ಲುಗಿಂಜಿದ: “ಸಾರ್, ಮೂವತ್ತು ವರ್ಷ ಈ ರಸ್ತೆ ಟೋಲು ನಿಮ್ದೇ. ನಮ್ಮ ಕೂಲಿಯೋರ ಬೂಟು ನೋಡಿ, ಎಷ್ಟು ಕಾಳಜಿ!” ನನಗೆ ಹೇಸಿಗೆಯಿಂದ ಬಾಯ್ತುಂಬ ಉಗುಳು ಬಂತು. ನುಂಗಿಕೊಂಡೆ.

ಡಾಂಬರು ಆರಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಗೋಣಿಯೊಳಗಿಂದಲೇ ಅಂಗಾಲಿಗೆ ಗೊತ್ತಾಗುತ್ತದೆ.

“ಕಾಲಿಟ್ಟು ಹೇಳೇ,” ಎಂದ ಮೇಸ್ತ್ರಿ.

ಇಟ್ಟೆ. ಸುಡಲಿಲ್ಲ. “ಆರಿದೆ,” ಎಂದೆ. ಬೂಟಿನ ದಪ್ಪ ನನಗೇನು ಗೊತ್ತು? ಜನ್ಮದಲ್ಲಿ ಹಾಕಿದವಳೇ?

ಕರವಸ್ತ್ರದವನು ಫೋಟೋಗೆಂದು ಮುಂದೆ ಹೋದ. ಮೂರನೇ ಹೆಜ್ಜೆಗೆ ಷೂ ಅಂಟಿಕೊಂಡಿತು, ಕಾಲು ಹೊರಬಂತು. ಬರೀ ಕಾಲುಚೀಲದಲ್ಲಿ ಡಾಂಬರು ತುಳಿದು ಕೂಗಿಕೊಂಡ. ಅವನನ್ನು ಎತ್ತಿ ಓಡಿದರು. ತಣ್ಣೀರು ಬಂತು, ಮುಲಾಮು ಬಂತು, ಸಾಹೇಬ ಮಂಡಿಯೂರಿ ಗಾಳಿ ಬೀಸಿದ. ಅದೇ ಮುಲಾಮಿಗೆ ನಾದಿನಿಗಾಗಿ ನಾನು ವಾರವಿಡೀ ಅಂಗಲಾಚಿದ್ದೆ. ಸ್ಟಾಕ್ ಇಲ್ಲ ಎಂದಿದ್ದರು.

ಕಾರುಗಳು ಹೋದವು. ಮೇಸ್ತ್ರಿ ನಮ್ಮತ್ತ ತಿರುಗಿದ.

“ಬಿಚ್ಚೇ ಬೂಟು, ಬೇವರ್ಸಿ! ಬೇಕೂಂತಲೇ ಮಾಡ್ದೆ ನೀನು! ಎಲ್ರೂ ಬಿಚ್ರೀ! ಗೋಣಿ ಸುತ್ಕೊಂಡು ಕೆಲಸ ನೋಡಿ!”

ನಾದಿನಿ ಅಳುತ್ತಾ ಬಗ್ಗಿದಳು. ಅವಳ ಬೂಟಿನೊಳಗೆ ರಕ್ತ ಕಾಣಿಸಿತು. ನಾನು ಅವಳ ರಟ್ಟೆ ಹಿಡಿದೆ.

“ಬಿಚ್ಬೇಡ. ಬಾ ನನ್ಜೊತೆ.”

ಇಬ್ಬರೂ ಹಸಿ ಡಾಂಬರಿನ ನಟ್ಟನಡುವೆ ಹೋಗಿ ನಿಂತೆವು. ಉಳಿದ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಬಂದರು.

ಮೇಸ್ತ್ರಿಯ ಕಾಲಲ್ಲಿ ಹವಾಯಿ ಚಪ್ಪಲಿ.

“ಬಾರೋ ಬೋಳಿಮಗನೇ,” ಎಂದೆ. “ಬಂದು ಬಿಚ್ಕೊಂಡು ಹೋಗು.”

ಅವನು ಒಂದು ಕಾಲು ಮುಂದಿಟ್ಟ. ಚಪ್ಪಲಿಯಿಂದ ಸುಟ್ಟ ವಾಸನೆ ಎದ್ದಿತು.