ಬಣ್ಣ ತಿರುಗಿದ ಮೇಲೂ ಸುರಿದವಳು

ಬೇಸಿಗೆ ಆಗತಾನೆ ಕಾಲಿಟ್ಟಿತ್ತು. ಮಧ್ಯಾಹ್ನ ಎರಡರ ಹೊತ್ತು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಮನೆಯಲ್ಲಿ ಮೊಂಡಿ ಎಂದೇ ಹೆಸರಾದ ಹುಡುಗಿ ಕಿಟಕಿ ಪಕ್ಕದ ಮೇಜಿನ ಮುಂದೆ ನಿಂತು, ಗೆರೆ ಕೊರೆದ ಉದ್ದನೆ ಗಾಜಿನ ಕೊಳವೆಯಿಂದ ಕೆಳಗಿನ ಫ್ಲಾಸ್ಕಿಗೆ ಹನಿಹನಿಯಾಗಿ ದ್ರಾವಣ ಬಿಡುತ್ತಿದ್ದಳು. ಫ್ಲಾಸ್ಕಿನ ನೀರಿನಂಥ ದ್ರಾವಣ ತೆಳು ಗುಲಾಬಿಗೆ ತಿರುಗಿದೊಡನೆ ತಿರುಪು ಮುಚ್ಚಿ, ಕೊಳವೆಯ ಗೆರೆ ಓದಿ ಬರೆಯಬೇಕು. ಅಷ್ಟೇ ಕೆಲಸ.

ಹದಿನೆಂಟನೆಯ ಗೆರೆಯ ಹತ್ತಿರ ಬಣ್ಣ ತಿರುಗಿತು. ಅವಳು ಕಣ್ಣಾರೆ ಕಂಡಳು. ಆದರೂ ಕೈ ನಿಲ್ಲಿಸಲಿಲ್ಲ. ಉತ್ತರ ಇಪ್ಪತ್ತೆರಡು ಎಂದು ಅವಳಿಗೆ ಗೊತ್ತಿತ್ತಲ್ಲ! ಹಿಂದಿನ ವರ್ಷದವರು ಹೇಳಿದ್ದರು. ಅವರಿಗೆ ಅವರ ಹಿಂದಿನವರು. ವರ್ಷವಿಡೀ ಲ್ಯಾಬಿಗೆ ಬೀಗ. ಇಡೀ ಕ್ಲಾಸು ರೆಕಾರ್ಡ್ ಪುಸ್ತಕದಲ್ಲಿ ಅದೇ ಅಂಕಿ ಬರೆದು ಸಹಿ ಹಾಕಿಸಿಕೊಂಡಿತ್ತು. ಪರೀಕ್ಷೆಯ ದಿನ ಮಾತ್ರ ಹೊರಗಿನಿಂದ ಬಂದ ಪರೀಕ್ಷಕರು ದ್ರಾವಣದ ಹದವನ್ನೇ ಬದಲಾಯಿಸಿದ್ದರು. ಮೊಂಡಿ ಇಪ್ಪತ್ತೆರಡರವರೆಗೂ ಸುರಿದಳು. ಫ್ಲಾಸ್ಕು ಬೀಟ್‌ರೂಟ್ ಹಿಂಡಿದಂತಾಯಿತು.

ಫೇಲು.

“ಬಣ್ಣ ಬಂದಿದ್ದು ಕಾಣಿಸ್ಲಿಲ್ವೇನೇ?” ಸಾಕಿ ಬೆಳೆಸಿದ ದೊಡ್ಡಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು.

“ಕಾಣಿಸ್ತು.”

“ಮತ್ತೆ?”

“ಇಪ್ಪತ್ತೆರಡು ಆಗಿರ್ಲಿಲ್ವಲ್ಲ ದೊಡ್ಡಮ್ಮಾ.”

“ಚೆನ್ನಾಗಿದೆ! ಹಾಲು ಉಕ್ಕಿ ಒಲೆ ಮೇಲೆ ಹರೀತಿದ್ರೂ ಗಡಿಯಾರ ನೋಡ್ಕೊಂಡು ನಿಂತಿದ್ದೆ ಅನ್ನು.”

ಮೊಂಡಿಗೆ ಮೈಯೆಲ್ಲ ಉರಿದುಹೋಯಿತು. “ಬೀಗ ಹಾಕ್ಕೊಂಡು ಕೂತೋರನ್ನ ಯಾರೂ ಕೇಳಲ್ಲ. ಬೈಗುಳ ಎಲ್ಲಾ ನನಗೇ!”

“ಬೀಗ ಹಾಕಿದಾರೆ ಅಂತ ನೀನು ಯಾವತ್ತಾದ್ರೂ ತುಟಿ ಬಿಚ್ಚಿದ್ಯಾ?”

ಬಿಚ್ಚಿರಲಿಲ್ಲ. ಬೀಗ ಕಂಡ ದಿನವೆಲ್ಲ ಗೆಳತಿಯರ ಜೊತೆ ಕ್ಯಾಂಟೀನಿಗೆ ಹಾರಿದವಳೇ. ಆ ಮಾತು ಅವಳನ್ನು ಮುಳ್ಳಿನಂತೆ ಚುಚ್ಚಿತು. ಸಿಟ್ಟು ಕಡಿಮೆಯಾಗಲಿಲ್ಲ, ಅರ್ಧ ತನ್ನ ಮೇಲೆಯೇ ತಿರುಗಿತು.

ಮರುಪರೀಕ್ಷೆ ಮುಂದಿನ ತಿಂಗಳು. ಅದರಲ್ಲೂ ಹೋದರೆ ಒಂದು ವರ್ಷ ಮಣ್ಣುಪಾಲು. ಮರುದಿನ ಬೆಳಿಗ್ಗೆಯೇ ಹೋಗಿ ಲ್ಯಾಬಿನ ಮೇಡಂ ಮುಂದೆ ನಿಂತಳು. “ಅಭ್ಯಾಸಕ್ಕೆ ಬಾಗಿಲು ತೆಗೀರಿ ಮೇಡಂ.”

“ಗಾಜು ಒಡೆದ್ರೆ ಯಾರಮ್ಮಾ ಹೊಣೆ? ಮನೇಲಿ ಓದ್ಕೊಂಡು ಬಾ.”

“ಬಣ್ಣಾನ ಓದೋಕಾಗುತ್ತಾ ಮೇಡಂ?”

“ಬಾಯಿ ಜೋರು! ಪ್ರಿನ್ಸಿಪಾಲರನ್ನ ಕೇಳು ಹೋಗು.”

ಪ್ರಿನ್ಸಿಪಾಲರು ಅವಳನ್ನು ಕಂಡು ಮುಖವರಳಿಸಿದರು. “ಒಳ್ಳೇ ಹೊತ್ತಿಗೆ ಬಂದೆ. ಶುಕ್ರವಾರ ಅತಿಥಿಗಳು ಬರ್ತಾರೆ. ‘ಸೋಲು ಕಲಿಸುವ ಪಾಠ’ ಅಂತ ಕಾರ್ಯಕ್ರಮ. ಫೇಲಾದವರಲ್ಲಿ ಒಬ್ರು ಮಾತಾಡ್ಬೇಕು, ನೀನೇ ಮಾತಾಡು. ಭಾಷಣ ಬರೆಸಿಟ್ಟಿದೀನಿ.”

“ಲ್ಯಾಬು ಸಾರ್?”

“ಅದನ್ನ ಆಮೇಲೆ ನೋಡೋಣ.”

ಶುಕ್ರವಾರ ಸಭಾಂಗಣ ತುಂಬಿತ್ತು. ಮೊಂಡಿ ಮೈಕಿನ ಮುಂದೆ ಹಾಳೆ ಬಿಡಿಸಿದಳು. “ಸೋಲಿಗೆ ನಾನು ಚಿರಋಣಿ...” ಅಷ್ಟು ಓದಿ ನಿಂತಳು. ಇದೂ ಬೇರೆಯವರು ಹೇಳಿಕೊಟ್ಟ ಉತ್ತರವೇ! ಅವಳ ಕಿವಿ ಬಿಸಿಯಾಯಿತು. ಹಾಳೆ ಮಡಚಿದಳು.

“ಸೋಲು ನನಗಿನ್ನೂ ಏನೂ ಕಲಿಸಿಲ್ಲ. ಕಲಿಯೋ ಕೋಣೆಗೆ ಬೀಗ ಬಿದ್ದಿದೆ. ಕಣ್ಣಿಗೆ ಕಂಡಿದ್ದನ್ನ ಬಿಟ್ಟು ಕಿವಿಗೆ ಬಿದ್ದಿದ್ದನ್ನ ನಂಬಿದೆ, ಅದು ನನ್ನ ತಪ್ಪು, ಒಪ್ಕೋತೀನಿ. ವರ್ಷದಲ್ಲಿ ಒಂದು ದಿನಾನೂ ಬಣ್ಣ ತಿರುಗೋದನ್ನ ನಮಗೆ ತೋರಿಸ್ಲಿಲ್ಲ, ಅದು ಯಾರ ತಪ್ಪು? ಫೇಲಾದೋರನ್ನ ಕರೆಸಿ ಚಪ್ಪಾಳೆ ತಟ್ಟೋದು ಸುಲಭ. ಬಾಗಿಲು ತೆಗೆಯೋಕೆ ಮಾತ್ರ ಕೈ ಬರಲ್ವಾ?”

ಚಪ್ಪಾಳೆಗೆಂದು ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಮುಖ್ಯ ಅತಿಥಿ ಪ್ರಿನ್ಸಿಪಾಲರತ್ತ ಬಾಗಿ, “ಬೀಗ ಯಾಕೆ?” ಎಂದರು. ಪ್ರಿನ್ಸಿಪಾಲರು ನಕ್ಕರು, ಕೆಮ್ಮಿದರು, ನೀರು ಕುಡಿದರು.

ಸೋಮವಾರ ಲ್ಯಾಬಿನ ಬಾಗಿಲು ತೆರೆಯಿತು. ಮೇಡಂ ಮುಖ ಗಂಟಿಕ್ಕಿಕೊಂಡು ಮೂಲೆಯಲ್ಲಿ ಕುಳಿತರು. ಮೊಂಡಿಯ ಫ್ಲಾಸ್ಕು ಮತ್ತೆ ಮತ್ತೆ ಕೆಂಪೇರಿತು. ಭಾಷಣ ಬಿಗಿದಷ್ಟು ಸಲೀಸಲ್ಲ ಈ ಕೆಲಸ.

“ಇನ್ನೂ ಸುರಿ,” ಎಂದರು ಮೇಡಂ. “ನನ್ನ ಹಳೇ ಸೀರೆಗೆ ಬಣ್ಣ ಹಾಕ್ಸೋದಿತ್ತು.”

“ತಂದ್ಕೊಡಿ ಮೇಡಂ, ಅದನ್ನೂ ಅದ್ದೋಣ.”

ಮೇಡಂಗೆ ನಗು ತಡೆಯಲಾಗಲಿಲ್ಲ. ಎದ್ದು ಬಂದು ಫ್ಲಾಸ್ಕಿನಡಿ ಬಿಳಿ ಹಾಳೆ ಇಟ್ಟರು. “ಕೊಳವೆ ಯಾಕೆ ನೋಡ್ತೀಯಾ? ಇಲ್ಲಿ ನೋಡು.” ಅಂದಿನಿಂದ ಮೊಂಡಿ ದಿನಾ ಬಂದಳು. ಎಷ್ಟೋ ಸಲ ಕೆಡಿಸಿದ ಮೇಲೆ ಒಂದು ಸಂಜೆ, ಗುಲಾಬಿ ಇಣುಕಿದ ಹನಿಗೇ ಅವಳ ಕೈ ತಾನಾಗಿ ನಿಂತಿತು.

ಮರುಪರೀಕ್ಷೆಯ ದಿನ ಪಕ್ಕದವಳು ಪಿಸುಗುಟ್ಟಿದಳು: “ಇಪ್ಪತ್ನಾಲ್ಕಂತೆ ಕಣೇ!”

“ಯಾರಂದ್ರು?”

“ಎಲ್ರೂ ಅಂತಿದಾರೆ.”

“ಎಲ್ರೂ ಬಂದು ನನ್ನ ಫ್ಲಾಸ್ಕ್ ನೋಡಿದ್ರಾ? ನಿಂದು ನೀನು ನೋಡ್ಕೊ.”

ಮೊಂಡಿ ಹತ್ತೊಂಬತ್ತೂವರೆ ಎಂದು ಬರೆದಳು. ಪರೀಕ್ಷಕರು ಫ್ಲಾಸ್ಕನ್ನು ಬೆಳಕಿಗೆ ಹಿಡಿದು, ಅಂಕಿ ನೋಡಿ, ಸರಿ ಎಂದು ತಲೆಯಾಡಿಸಿದರು. ಅವಳು ಕೊಳವೆ ತೊಳೆದಿಟ್ಟು, ಮೇಡಂಗೆ ಬರ್ತೀನಿ ಎಂದು ಹೇಳಿ, ಎಲ್ಲರಿಗಿಂತ ಮೊದಲು ಮನೆಗೆ ಹೊರಟಳು.